ಎತ್ತದ ಎಡಗೈ

ಕೆಮ್ಮಿ ನೋಡುವುದೋ ಬೇಡವೋ? ಕೆಮ್ಮಿದರೆ ಗೊತ್ತಾಗಿಬಿಡುತ್ತದೆ. ದನಿ ರಾತ್ರೋರಾತ್ರಿ ವಾಪಸು ಬಂದಿದ್ದರೆ ಸರಿ. ಬಂದಿಲ್ಲವಾದರೆ ಆ ಸಂಗತಿಯನ್ನು ಕುಮಾಸಿಯವರೆಗೂ ಹೊತ್ತುಕೊಂಡು ಹೋಗಬೇಕು. ಕೆಮ್ಮದಿದ್ದರೆ, ಬಂದಿರಲೂಬಹುದು ಅನ್ನುವ ಆಸೆಯಾದರೂ ಜೊತೆಗಿರುತ್ತದೆ. ಆದರೆ ಗಂಟಲಲ್ಲಿ ಇರುವೆ ಹರಿದ ಹಾಗೆ ಏನೋ ತುರಿಸುತ್ತಿದೆಯಲ್ಲ, ಅದಕ್ಕೇನು ಮಾಡುವುದು?

ಸರ್ಪಾಂಗ್ ಹಾಸಿಗೆಯಲ್ಲಿ ಅಂಗಾತ ಬಿದ್ದುಕೊಂಡು, ತಗಡಿನ ಸೂರನ್ನು ದಿಟ್ಟಿಸುತ್ತ ಹೀಗೆ ಯೋಚಿಸುತ್ತಿರುವಾಗ ಗೋಡೆಯಾಚೆಯಿಂದ ಪಕ್ಕದ ಮನೆಯ ಅಡೊಮಾಕೊನ ದನಿ ಕೇಳಿತು.

"ಬನ್ರಮ್ಮಾ, ಬನ್ನಿ ನನ್ನ ರಾಣಿಯರಾ! ಜೋಳ ತಿನ್ನೋಕೆ ಬನ್ನಿ!"

ಕೋಳಿ ಕರೆಯುವ ದನಿಯೇ ಅದು? ಜೇನುತುಪ್ಪವನ್ನು ಬೆಚ್ಚಗೆ ಮಾಡಿ ಸುರಿದ ಹಾಗಿತ್ತು. ಅಡೊಮಾಕೊನ ಕೋಳಿಗಳು ಓಡಿದವು. ಅವುಗಳ ಹಿಂದೆ ಸರ್ಪಾಂಗನ ಕೋಳಿಗಳೂ ಗೋಡೆ ಹಾರಿದವು. ರೆಕ್ಕೆಯ ಸದ್ದಿನಲ್ಲೇ ಅವನಿಗೆ ತಿಳಿಯಿತು, ಕುಂಟು ಕೋಳಿಯೂ ಹೋಯಿತು ಎಂದು. ಆ ಸಿಟ್ಟಿನಲ್ಲಿ ಕೆಮ್ಮಿಯೇಬಿಟ್ಟ.

ಅಂಗಳದಲ್ಲಿ ಗಂಜಿ ಕಾಯಿಸುತ್ತಿದ್ದ ಹೆಂಡತಿ ಅಫಿಯಾ ಕೂಗಿದಳು: "ಯಾರದು, ಗೇಟು ಎಳೀತಿರೋರು?"

"ನಾನು ಕಣೇ," ಅಂದ ಸರ್ಪಾಂಗ್. ಅದೂ ಗೇಟು ಎಳೆದ ಹಾಗೆಯೇ ಇತ್ತು.

ಬೇರೆ ಯಾರ ದನಿ ಹೋಗಿದ್ದರೂ ಅಬ್ರೆಮಾಸೊ ಊರು ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಸರ್ಪಾಂಗ್ ಆ ಊರಿನ ಅರಸರ ಮಾತುಗಾರ. ನಾನಾ ಎಂದು ಎಲ್ಲರೂ ಕರೆಯುವ ಅರಸರು ಜನರ ಜೊತೆ ನೇರವಾಗಿ ಮಾತಾಡುವುದಿಲ್ಲ. ಗದ್ದುಗೆಯಲ್ಲಿ ಕೂತು ತುಟಿಯಂಚಿನಲ್ಲಿ ಏನೋ ಗೊಣಗುತ್ತಾರೆ. ಮಾತುಗಾರ ಎದ್ದು ನಿಂತು, ಆ ಗೊಣಗಿಗೆ ಬಟ್ಟೆ ತೊಡಿಸಿ, ಒಡವೆಯಿಟ್ಟು ಸಭೆಗೆ ಕಳಿಸುತ್ತಾನೆ. ಸಭೆಯ ಮಾತೂ ಅವನ ಬಾಯಿಂದಲೇ ಅರಸರ ಕಿವಿ ಮುಟ್ಟಬೇಕು. ನಾನಾ "ಇವನೊಬ್ಬ ಕತ್ತೆ" ಎಂದು ಗೊಣಗಿದರೆ ಸರ್ಪಾಂಗ್, "ಈ ಸಜ್ಜನರು ತಮ್ಮ ಮಾತನ್ನು ಇನ್ನೊಮ್ಮೆ ನಿಧಾನವಾಗಿ ಯೋಚಿಸಲಿ ಎಂಬುದು ನಾನಾ ಅವರ ಆಸೆ" ಅನ್ನುತ್ತಿದ್ದ. ಆಗ ಅವನ ಕೈಯಲ್ಲಿ ಚಿನ್ನದ ರೇಕು ಹಚ್ಚಿದ ಉದ್ದನೆಯ ಕೋಲಿರುತ್ತಿತ್ತು. ಕೋಲಿನ ತುದಿಯಲ್ಲಿ ಮೊಟ್ಟೆ ಹಿಡಿದ ಕೈಯೊಂದರ ಕೆತ್ತನೆ. ಬಲಗೈ. ಅದರಲ್ಲಿ ಅನುಮಾನವಿಲ್ಲ, ಹೆಬ್ಬೆರಳು ನೋಡಿದರೇ ಗೊತ್ತಾಗುತ್ತದೆ.

ಹಿಂದಿನ ಹಬ್ಬದ ದರಬಾರಿನಲ್ಲಿ, ನಾನಾ ಅವರ ಪೂರ್ವಜರನ್ನು ಹೊಗಳುತ್ತಿದ್ದ ಹೊತ್ತಿಗೆ ಸರಿಯಾಗಿ ಸರ್ಪಾಂಗನ ದನಿ ಒಡೆಯಿತು. ಡೋಲುಗಳ ಹಿಂದೆ ಕಟ್ಟಿದ್ದ ಮೇಕೆಯೊಂದು, ತನ್ನವರು ಯಾರೋ ಕರೆದರು ಅಂದುಕೊಂಡು ಉತ್ತರ ಕೊಟ್ಟಿತು. ಸಭೆ ನಕ್ಕಿತು. ಆಗ ಕಿರಿಯ ಮಾತುಗಾರ ಅಡೊಮಾಕೊ ಎದ್ದು ನಿಂತು ಉಳಿದ ವಾಕ್ಯವನ್ನು ಮುಗಿಸಿದ. ಮುಗಿಸು ಎಂದು ಸರ್ಪಾಂಗ್ ಕೇಳಿಕೊಂಡಿರಲಿಲ್ಲ. ಎಷ್ಟು ಚೆನ್ನಾಗಿ ಮುಗಿಸಿದನೆಂದರೆ ಹೆಂಗಸರ ಸಾಲಿನಿಂದ "ಆಹಾ" ಎಂಬ ಉಸಿರು ಕೇಳಿತು. ಆ ಸಾಲಿನಲ್ಲಿ ಅಫಿಯಾಳೂ ಇದ್ದಳು. ಅವತ್ತಿನಿಂದ ಸರ್ಪಾಂಗನ ವಾಕ್ಯಗಳನ್ನೆಲ್ಲ ಅಡೊಮಾಕೊನೇ ಮುಗಿಸುತ್ತಿದ್ದ.

ಈ ಅಡೊಮಾಕೊ ಮೊದಲು ಕುಮಾಸಿಯ ಬಸ್ ನಿಲ್ದಾಣದಲ್ಲಿ ಊರುಗಳ ಹೆಸರು ಕೂಗುತ್ತಿದ್ದವನು. ಅವನು ಕೂಗಿದರೆ ಹೋಗಬೇಕಿಲ್ಲದವರೂ ಗಾಡಿ ಹತ್ತುತ್ತಿದ್ದರಂತೆ.

ಕೊನೆಗೆ ನಾನಾ ಒಂದು ತೀರ್ಮಾನ ಕೊಟ್ಟರು. ಕುಮಾಸಿಯ ದೊಡ್ಡಾಸ್ಪತ್ರೆಯಲ್ಲಿ ಗಂಟಲು ತೋರಿಸಿಕೊಂಡು ಬರಲಿ. ಗಂಟಲು ನೆಟ್ಟಗಿದೆ, ದನಿ ಬರುತ್ತದೆ ಎಂದರೆ ಕೋಲು ಸರ್ಪಾಂಗನ ಕೈಯಲ್ಲೇ ಇರಲಿ. ಇಲ್ಲವೆಂದರೆ ಭಾನುವಾರದ ಹಬ್ಬಕ್ಕೆ ಅಡೊಮಾಕೊ ಹಿಡಿಯಲಿ. ಗಂಡಸರು ತಂದ ಸುದ್ದಿಯನ್ನು ರಾಜಮಾತೆ ನಂಬುವುದಿಲ್ಲವಾದ್ದರಿಂದ ಅವರ ತಂಗಿ ಎನೊ ದುಫಿಯೆ ಸಾಕ್ಷಿಯಾಗಿ ಜೊತೆಗೆ ಹೋಗಬೇಕು. ಎನೊ ಎಂದರೆ ಊರಿಗೆಲ್ಲ ತಾಯಿಯಂಥ ಮುದುಕಿ. ಯಾರು ಯಾವಾಗ ಎಲ್ಲಿ ಮರ್ಯಾದೆ ತಪ್ಪಿದರು ಎಂಬುದು ಬಾಯಿಪಾಠ ಇದ್ದವಳು.

ಇಷ್ಟಾಗಿದ್ದರೆ ಸರ್ಪಾಂಗ್ ತಡೆದುಕೊಳ್ಳುತ್ತಿದ್ದ. ಆದರೆ ಆಸ್ಪತ್ರೆಯ ಡಾಕ್ಟರ್ ಲಾರ್ಟೆ ಹಿಂದಿನ ಸಲ ಒಂದು ಮಾತು ಹೇಳಿದ್ದರು. ದನಿ ಕೆಟ್ಟವರ ಗಂಟಲಿಗೆ ಸ್ಪರ್ಶ ಎಷ್ಟು ಗೊತ್ತಾಗುತ್ತದೆ ಎಂದು ಪರೀಕ್ಷೆ ಮಾಡುತ್ತಿದ್ದೇನೆ, ಹೋಲಿಸಿ ನೋಡಲು ನಿಮ್ಮದೇ ಕೆಲಸದ, ದನಿ ಚೆನ್ನಾಗಿರುವ ಒಬ್ಬರನ್ನು ಕರೆದುಕೊಂಡು ಬನ್ನಿ ಎಂದು. ಸರ್ಪಾಂಗ್ ಈ ಮಾತನ್ನು ಯಾರಿಗೂ ಹೇಳದೆ ನುಂಗಿದ್ದ. ಆದರೆ ಅವತ್ತು ಜೊತೆಗೆ ಬಂದಿದ್ದ ಅಫಿಯಾ ನೀರಿನ ನಲ್ಲಿಯ ಹತ್ತಿರ ಹೇಳಿದಳು. ನಲ್ಲಿಯ ಹತ್ತಿರ ಹೇಳಿದ್ದು ಅರಮನೆಗೆ ಹೇಳಿದ ಹಾಗೆಯೇ. ಜೊತೆಗೆ ಅಡೊಮಾಕೊನೇ ಹೋಗುವುದೆಂದಾಯಿತು.

"ಅಣ್ಣಾ, ರೆಡಿನಾ?" ಗೇಟಿನಲ್ಲಿ ಅಡೊಮಾಕೊ. ಇಸ್ತ್ರಿ ಮಾಡಿದ ನೀಲಿ ಬಟ್ಟೆಯನ್ನು ಎಡ ಭುಜದ ಮೇಲೆ ಹೊದ್ದುಕೊಂಡು ನಿಂತಿದ್ದ. ಕಂಕುಳಲ್ಲಿ ಸರ್ಪಾಂಗನ ಕುಂಟು ಕೋಳಿ. "ಇದು ನಮ್ಮನೇಲಿತ್ತು. ಪಾಪ, ನಿಮ್ಮನೇಲಿ ಯಾರೂ ಕರೀಲಿಲ್ಲ ಅನ್ಸುತ್ತೆ."

"ಎಷ್ಟು ಒಳ್ಳೆಯವರು ನೀವು," ಎಂದಳು ಅಫಿಯಾ, ಕೋಳಿ ಇಸಿದುಕೊಳ್ಳುತ್ತ. "ಗಂಜಿ ಕುಡೀತೀರಾ?"

ಕುಡಿದ. ಸರ್ಪಾಂಗನ ಪಾಲಿನದನ್ನೇ ಕುಡಿದ. ಪರೀಕ್ಷೆಗೆ ಮೊದಲು ರೋಗಿ ಏನೂ ತಿನ್ನಬಾರದು ಎಂದು ಡಾಕ್ಟರು ಹೇಳಿರಬಹುದು ಅಂತ ಅವನಿಗೆ ಅನ್ನಿಸಿತಂತೆ.

ಟ್ರೋಟ್ರೋ ಎಂಬ ಬಾಡಿಗೆ ವ್ಯಾನು ನಿಲ್ಲುವ ಮಾವಿನ ಮರದವರೆಗೆ ನಡೆಯುವಷ್ಟರಲ್ಲಿ ಊರಿನ ಅರ್ಧ ವೈದ್ಯ ಮುಗಿಯಿತು. ಹೊಲಿಗೆಯವಳು ಹಸಿ ಶುಂಠಿ ಅಂದಳು. ಚರ್ಚಿನ ಗಂಟೆ ಹೊಡೆಯುವವನು ಹಸಿ ಮೊಟ್ಟೆ ಅಂದ. ಜೋಳದ ಕಡುಬಿನಂಥ ಕೆಂಕಿ ಮಾರುವವಳು, "ಯಾರೋ ಕಣ್ಣು ಹಾಕಿದ್ದಾರೆ ಕಣಪ್ಪಾ. ಹೊಟ್ಟೆಕಿಚ್ಚು ಪಡೋರು ಯಾರಾದ್ರೂ ಇದ್ದಾರಾ ನೋಡು" ಎಂದು ಅಡೊಮಾಕೊನ ಕಡೆ ಕಣ್ಣು ಹೊರಳಿಸಿದಳು. ಸರ್ಪಾಂಗನಿಗೆ ಆ ಮಾತು ಮುಜುಗರ ತಂದಿತು. ಆ ಬೀದಿಯಲ್ಲಿ ಹೊಟ್ಟೆಕಿಚ್ಚು ಪಡುತ್ತಿದ್ದವನು ಒಬ್ಬನೇ, ಅವನು ಅಡೊಮಾಕೊ ಅಲ್ಲ.

ಗಾಡಿ ತುಂಬಿತ್ತು. ಟ್ರೋಟ್ರೋದ ಹುಡುಗ, "ಇನ್ನೊಬ್ರಿಗೆ ಮಾತ್ರ ಜಾಗ!" ಎಂದ. ಅಡೊಮಾಕೊ ಕಿಟಕಿಯಲ್ಲಿ ತಲೆಯಿಟ್ಟು, "ತಾಯಂದಿರಾ, ಅಣ್ಣಂದಿರಾ, ಸ್ವಲ್ಪ ಸ್ವಲ್ಪ ಸರಿದ್ರೆ ದೇವರು ನಿಮ್ಮ ದಾರಿ ಅಗಲ ಮಾಡ್ತಾನೆ" ಎಂದ. ಜನ ಸರಿದರು. ಎನೊ ದುಫಿಯೆಗೆ ಮುಂದಿನ ಸೀಟು ಸಿಕ್ಕಿತು, ಅಡೊಮಾಕೊಗೆ ಕಿಟಕಿ ಸಿಕ್ಕಿತು. ಸರ್ಪಾಂಗನಿಗೆ ಗೆಣಸಿನ ಮೂಟೆಯ ಮೇಲೆ, ಒಂದು ಟರ್ಕಿ ಕೋಳಿಯ ಎದುರು ಜಾಗವಾಯಿತು. ದಾರಿಯುದ್ದಕ್ಕೂ ಆ ಹಕ್ಕಿ, ತನ್ನ ಜೋಲು ಗಂಟಲನ್ನು ಅವನ ಗಂಟಲಿನ ಜೊತೆ ಹೋಲಿಸಿ ನೋಡುವ ಹಾಗೆ ಒಮ್ಮೆ ಈ ಕಣ್ಣಿಂದ, ಒಮ್ಮೆ ಆ ಕಣ್ಣಿಂದ ನೋಡುತ್ತಿತ್ತು.

ಆಸ್ಪತ್ರೆಯ ಕೋಣೆ ಚಿಕ್ಕದು. ನಡುವೆ ಒಂದು ಕುರ್ಚಿ, ಪಕ್ಕದಲ್ಲಿ ಟಿವಿಯಂಥ ಪರದೆ, ಗೋಡೆಗೆ ಒರಗಿಸಿದ ಬೆಂಚು. ಡಾಕ್ಟರ್ ಲಾರ್ಟೆ ಸಣ್ಣ ವಯಸ್ಸಿನವರು, ಅಕ್ರಾ ಕಡೆಯವರು. ಹೊಸ ಯಂತ್ರ ಕಂಡರೆ ಕಣ್ಣು ಮಿನುಗಿಸುವ ಜಾತಿ. ಎನೊ ದುಫಿಯೆ ಬೆಂಚನ್ನು ಎಳೆಸಿಕೊಂಡು ಕುರ್ಚಿಯ ನೇರ ಎದುರಿಗೆ ಕೂತಳು.

"ಅಜ್ಜೀ, ಸ್ವಲ್ಪ ಪಕ್ಕಕ್ಕೆ ಕೂತ್ಕೋತೀರಾ?" ಎಂದಳು ನರ್ಸ್ ಎಸೆನಾಮ್.

"ಪಕ್ಕದಿಂದ ನೋಡಿದ್ದು ಸಾಕ್ಷಿ ಆಗಲ್ಲ ಮಗಳೇ," ಎಂದಳು ಎನೊ.

ಸರ್ಪಾಂಗನನ್ನು ಕುರ್ಚಿಯಲ್ಲಿ ಕೂರಿಸಿದರು. ಬಲತೋಳಿಗೆ ರಕ್ತದ ಒತ್ತಡದ ಪಟ್ಟಿ ಸುತ್ತಿದರು, ಬಲಗೈ ಬೆರಳಿಗೆ ಬಟ್ಟೆ ಒಣಗಿಸುವ ಕ್ಲಿಪ್ಪಿನಂಥದ್ದೊಂದನ್ನು ಸಿಕ್ಕಿಸಿದರು. ಡಾಕ್ಟರು ನೂಡಲ್ಸಿನಷ್ಟು ತೆಳ್ಳಗಿನ ಕೊಳವೆಯೊಂದನ್ನು ತೋರಿಸಿ ವಿವರಿಸಿದರು.

"ಇದು ಮೂಗಿನಿಂದ ಗಂಟಲಿಗೆ ಇಳಿಯುತ್ತೆ. ನೋವಾಗಲ್ಲ. ತುದಿಯಿಂದ ಗಾಳಿ ಊದ್ತೀನಿ, ಮೊದಲು ಮೆತ್ತಗೆ, ಆಮೇಲೆ ಜೋರಾಗಿ. ತಗುಲಿದ್ದು ಗೊತ್ತಾದ ತಕ್ಷಣ ಕೈ ಎತ್ತಿ, ಸಾಕು. ಮಾತಾಡಬೇಡಿ, ನುಂಗಬೇಡಿ, ತಲೆ ಅಲ್ಲಾಡಿಸಬೇಡಿ."

ಇಷ್ಟು ಸುಲಭವೇ? ಸರ್ಪಾಂಗನ ಎದೆ ಹಗುರಾಯಿತು. ಅವನ ಗಂಟಲಿಗೆ ಎಲ್ಲವೂ ಗೊತ್ತಾಗುತ್ತಿತ್ತು. ಮೆಣಸಿನ ವಾಸನೆ ಮೂರು ಮನೆಯಾಚೆ ಎದ್ದರೂ ಗೊತ್ತಾಗುತ್ತಿತ್ತು. ಈ ಪರೀಕ್ಷೆಯಲ್ಲಿ ತಾನು ಗೆದ್ದೆ ಅಂದುಕೊಂಡ.

ಕೊಳವೆ ಒಳಗೆ ಇಳಿಯಿತು. ಮೂಗಿನಲ್ಲಿ ಮಿಡತೆಯೊಂದು ಮನೆ ಹುಡುಕಿಕೊಂಡು ಹೋದ ಹಾಗಾಯಿತು. ಪರದೆಯ ಮೇಲೆ ಅವನ ಗಂಟಲು ಕಾಣಿಸಿತು. ಎನೊ ದುಫಿಯೆ ಮುಂದಕ್ಕೆ ಬಾಗಿ ನೋಡಿ, "ಇಷ್ಟೇನಾ?" ಅಂದಳು.

ಪುಸ್ ಎಂದು ಗಾಳಿ ಬಂತು. ಸೊಳ್ಳೆಯ ನಿಟ್ಟುಸಿರಿನಷ್ಟು. ಗೊತ್ತಾಯಿತು! ಸರ್ಪಾಂಗ್ ಥಟ್ಟನೆ ಬಲಗೈ ಎತ್ತಿದ. ಯಂತ್ರ ಕಿರುಚಿಕೊಂಡಿತು. ಕ್ಲಿಪ್ಪು ಹಾರಿ ಔಷಧಿಯ ತಟ್ಟೆಗೆ ಬಿತ್ತು.

"ಅಯ್ಯೋ, ಆ ಕೈ ಅಲ್ಲ, ಆ ಕೈ ಅಲ್ಲ!" ಎಂದರು ಡಾಕ್ಟರು. "ಬಲಗೈ ಅಲ್ಲಾಡಿಸಲೇಬೇಡಿ. ಎಡಗೈ ಎತ್ತಿ. ಮತ್ತೆ ಮೊದಲಿಂದ ಶುರು ಮಾಡೋಣ."

ಎಡಗೈ.

ಸರ್ಪಾಂಗ್ ಎದುರಿಗೆ ನೋಡಿದ. ಬೆಂಚಿನ ಮೇಲೆ ರಾಜಮಾತೆಯ ತಂಗಿ ಕೂತಿದ್ದಳು. ಅವಳ ಕಣ್ಣು ಪರದೆ ಬಿಟ್ಟು ಅವನ ಎಡಗೈಯ ಮೇಲೆ ಇಳಿದಿತ್ತು. ಹಿರಿಯರ ಮುಖಕ್ಕೆ ಎಡಗೈ ತೋರಿಸುವುದೆಂದರೆ ಉಗಿದ ಹಾಗೆ. ತೀರಾ ಅನಿವಾರ್ಯವಾದರೆ ಮೊದಲು "ಸೆಬೆ" ಎಂದು ಕ್ಷಮೆ ಕೇಳಿಕೊಳ್ಳಬೇಕು. ಆ ಮಾತು ಬಾಯಿಂದ ಬಿದ್ದ ಮೇಲೆ ಎಡಗೈ ಎತ್ತಿದರೂ ಯಾರೂ ತಪ್ಪು ತಿಳಿಯುವುದಿಲ್ಲ. ಇಡೀ ಊರಿಗೆ ಅದನ್ನು ಹೇಳಿಕೊಟ್ಟವನೇ ಸರ್ಪಾಂಗ್. ಬಲಗೈಯಲ್ಲಿ ಮೂಟೆಯಿದ್ದಾಗ ಎಡಗೈ ಬೀಸಿದ ಎಷ್ಟು ಜನರಿಗೆ ಅವನು ದರಬಾರಿನಲ್ಲಿ ಮೊಟ್ಟೆಯ ದಂಡ ಹಾಕಿಸಿಲ್ಲ!

ಆದರೆ ಕೊಳವೆ ಗಂಟಲಲ್ಲಿದೆ. ಮಾತಾಡುವಂತಿಲ್ಲ. ಸೆಬೆ ಅನ್ನುವಂತಿಲ್ಲ. ಸೆಬೆ ಅನ್ನದೆ ಎತ್ತುವಂತಿಲ್ಲ.

ಪುಸ್.

ಗೊತ್ತಾಯಿತು. ಸರ್ಪಾಂಗ್ ಹುಬ್ಬು ಎತ್ತಿದ. ಮೂಗು ತುರಿಸುತ್ತಿರಬೇಕೆಂದು ನರ್ಸ್ ಹತ್ತಿಯಿಂದ ಮೂಗು ಒರೆಸಿದಳು.

ಪುಸ್. ಇನ್ನೂ ಜೋರು. ಬಲಗಾಲಿನ ಹೆಬ್ಬೆರಳು ಎತ್ತಿದ. ಅದು ಬಟ್ಟೆಯ ನೆರಿಗೆಯೊಳಗೆ ಎದ್ದು, ಯಾರಿಗೂ ಕಾಣದೆ ಮತ್ತೆ ಮಲಗಿತು.

ಪುಸ್ಸ್! ಗಂಟಲಿಗೆ ಯಾರೋ ಕೋಳಿಪುಕ್ಕ ಹಾಕಿ ತಿರುಗಿಸಿದ ಹಾಗಾಯಿತು. ಕಣ್ಣು ಪಿಳಿಪಿಳಿ ಮಾಡಿದ. ಎಡಗೈ ತಾನಾಗಿಯೇ ತೊಡೆಯಿಂದ ಒಂದಿಷ್ಟು ಮೇಲೆದ್ದಿತು. ಎನೊ ದುಫಿಯೆಯ ಒಂದು ಹುಬ್ಬೂ ಅಷ್ಟೇ ಮೇಲೆದ್ದಿತು. ಸರ್ಪಾಂಗ್ ಎಡಗೈಯನ್ನು ತೊಡೆಯ ಕೆಳಗೆ ತುರುಕಿ ಅದರ ಮೇಲೆ ಕೂತುಬಿಟ್ಟ.

ಡಾಕ್ಟರು ಪರದೆಗೆ ಮುಖ ತಾಗಿಸಿಕೊಂಡು ನೋಡುತ್ತಿದ್ದರು. "ಇದೇನಿದು ಎಸೆನಾಮ್? ಗಾಳಿ ತಗುಲಿದಾಗೆಲ್ಲ ಗಂಟಲು ಬೆಚ್ಚಿಬೀಳ್ತಿದೆ, ಆದ್ರೆ ಮನುಷ್ಯ ಕೈ ಎತ್ತುತ್ತಿಲ್ಲ. ಗಂಟಲಿಗೆ ಗೊತ್ತಾಗ್ತಿದೆ, ಇವರಿಗೆ ಗೊತ್ತಾಗ್ತಿಲ್ಲ!" ಅವರ ದನಿಯಲ್ಲಿ ಮೀನು ಸಿಕ್ಕವನ ಖುಷಿಯಿತ್ತು. "ಜೋರು ಮಾಡೋಣ."

ಜೋರು ಮಾಡಿದರು. ಇನ್ನೂ ಜೋರು ಮಾಡಿದರು. ಸರ್ಪಾಂಗನ ಕಿವಿ ಬಿಸಿಯಾಯಿತು, ಕಾಲ್ಬೆರಳುಗಳು ಚಪ್ಪಲಿಯೊಳಗೆ ಒಂದನ್ನೊಂದು ತಬ್ಬಿಕೊಂಡವು. ಮುಖ ಮಾತ್ರ ದರಬಾರಿನ ಮುಖ. ಅದನ್ನು ಕಲ್ಲು ಮಾಡಿ ಇಟ್ಟುಕೊಳ್ಳುವುದು ಅವನ ಕಸುಬಿನ ಭಾಗವೇ ಆಗಿತ್ತು. ಕೊನೆಗೆ ಯಂತ್ರದಲ್ಲಿ ಊದಲು ಇನ್ನು ಗಾಳಿ ಉಳಿಯಲಿಲ್ಲ.

ಕೊಳವೆ ಹೊರಗೆ ಬಂದ ಕೂಡಲೇ ಸರ್ಪಾಂಗ್ ಬಾಯಿ ತೆರೆದ. "ಡಾಕ್ಟ್ರೇ, ನನಗೆ..."

"ಶ್! ಈಗ ಮಾತು ಬೇಡ, ಗಂಟಲಿಗೆ ರೆಸ್ಟು ಬೇಕು. ಎಲ್ಲಾ ಆಮೇಲೆ ಮಾತಾಡೋಣ. ಮುಂದಿನವರು ಬನ್ನಿ."

ಅಡೊಮಾಕೊ ಕುರ್ಚಿಯಲ್ಲಿ ಕೂತ. ಬಲತೋಳಿಗೆ ಪಟ್ಟಿ, ಬೆರಳಿಗೆ ಕ್ಲಿಪ್ಪು. ಕೊಳವೆ ಇನ್ನೇನು ಮೂಗಿನ ಹತ್ತಿರ ಬರಬೇಕು, "ಒಂದು ನಿಮಿಷ ಡಾಕ್ಟ್ರೇ" ಎಂದು ಎನೊ ದುಫಿಯೆಯ ಕಡೆ ತಿರುಗಿದ.

"ಎನೊ, ಇನ್ನು ಮುಂದೆ ಈ ಕುರ್ಚಿಯಲ್ಲಿ ಕೂತು ನಾನು ಎತ್ತೋ ಎಡಗೈಗಳಿಗೆಲ್ಲಾ ಈಗಲೇ ಒಟ್ಟಿಗೆ ಸೆಬೆ. ಆಮೇಲೆ ಹೇಳೋಕೆ ಬಾಯಿರಲ್ಲ, ಅದಕ್ಕೆ."

ಎನೊ ದುಫಿಯೆ ಬೊಚ್ಚುಬಾಯಿ ತೆರೆದು ನಕ್ಕಳು. "ಎತ್ತು ಮಗನೇ, ಎಷ್ಟು ಬೇಕಾದ್ರೂ ಎತ್ತು! ನೋಡಿದೆಯಾ ಸರ್ಪಾಂಗ್, ಮಾತುಗಾರ ಅಂದ್ರೆ ಹೀಗಿರಬೇಕು."

ಸರ್ಪಾಂಗ್ ಬೆಂಚಿನ ತುದಿಯಲ್ಲಿ ಕೂತಿದ್ದ. ಕ್ಷಮೆಯನ್ನು ಮುಂಗಡವಾಗಿಯೇ ಕೇಳಿಡಬಹುದು! ಇಷ್ಟು ವರ್ಷ ಕೋಲು ಹಿಡಿದ ತನಗೆ ಇದು ಹೊಳೆಯಲಿಲ್ಲವಲ್ಲ. ಬಸ್ ನಿಲ್ದಾಣದಲ್ಲಿ ಕೂಗುತ್ತಿದ್ದವನಿಗೆ ಹೊಳೆಯಿತಲ್ಲ. ಈಗ ಬಾಯಿ ಬಿಟ್ಟು, "ನನಗೂ ಗೊತ್ತಾಗಿತ್ತು, ಎಡಗೈ ಎತ್ತಲಾರದೆ ಸುಮ್ಮನಿದ್ದೆ" ಅಂದರೆ ಏನಾಗುತ್ತದೆ? ಹಿರಿಯ ಮಾತುಗಾರನಿಗೆ ಕಿರಿಯವನು ಮರ್ಯಾದೆ ಕಲಿಸಿದ ಎಂದು ಸಂಜೆಯೊಳಗೆ ನಲ್ಲಿಯ ಹತ್ತಿರ ನಗುತ್ತಾರೆ. ಅಫಿಯಾ "ಎಷ್ಟು ಜಾಣರು ಅವರು" ಅನ್ನುತ್ತಾಳೆ. ಆ ಮಾತು ಅವಳ ಬಾಯಿಂದ ಯಾವ ರಾಗದಲ್ಲಿ ಬರುತ್ತದೆ ಎಂಬುದೂ ಅವನಿಗೆ ಕೇಳಿಸಿತು. ಆಮೇಲೆ ಹೇಳಿದರಾಯಿತು ಎಂದುಕೊಂಡ.

ಮೊದಲ ಪುಸ್ಸಿಗೇ ಅಡೊಮಾಕೊ ಕಾಲು ತುಳಿಸಿಕೊಂಡ ಕೋಳಿಯ ಹಾಗೆ ಕೊಕ್ಕರಿಸಿ, ಎಡಗೈಯನ್ನು ಸೂರಿನತ್ತ ಎಸೆದ. ಕಣ್ಣಿನಿಂದ ನೀರು, ಮೂಗಿನಿಂದ ನೀರು. ಸರ್ಪಾಂಗನಿಗೆ ಬೆಳಗಿನಿಂದ ಸಿಕ್ಕ ಮೊದಲ ಸಂತೋಷ ಅದು. ಒಂದು ಗಳಿಗೆಯೂ ಉಳಿಯಲಿಲ್ಲ.

"ಅದ್ಭುತ!" ಎಂದರು ಡಾಕ್ಟರು. "ಎಷ್ಟು ಚುರುಕು! ಎಸೆನಾಮ್, ಪಕ್ಕದ ವಾರ್ಡಿನವರನ್ನೂ ಕರಿ. ಆರೋಗ್ಯವಂತ ಗಂಟಲು ಅಂದ್ರೆ ಹೇಗಿರುತ್ತೆ ಅಂತ ನೋಡ್ಲಿ. ಎಂಥ ಬಣ್ಣ! ಎಂಥ ಸುಂದರವಾದ ಗಂಟಲು!"

ಬಿಳಿ ಕೋಟಿನ ಹುಡುಗ ಹುಡುಗಿಯರು ಬಂದು ಪರದೆಯ ಮುಂದೆ ಗುಂಪುಗೂಡಿದರು. ಮನುಷ್ಯನ ದನಿ ಕೇಳಿ ಹೊಟ್ಟೆ ಉರಿದುಕೊಳ್ಳುವುದು ಸರಿ, ಅವನ ಇಸ್ತ್ರಿ ಬಟ್ಟೆ ನೋಡಿ ಉರಿದುಕೊಳ್ಳುವುದೂ ಸರಿ. ಆದರೆ ಒಬ್ಬನ ಗಂಟಲಿನ ಒಳಭಾಗ ನೋಡಿ ಉರಿದುಕೊಳ್ಳುವ ದಿನ ಬರುತ್ತದೆಂದು ಸರ್ಪಾಂಗ್ ಎಣಿಸಿರಲಿಲ್ಲ.

ಡಾಕ್ಟರು ಎಲ್ಲರನ್ನೂ ಕೂರಿಸಿ ಹೇಳಿದರು. "ಗಂಟಲಿಗೆ ಮುಟ್ಟಿದ್ದು ಇವರಿಗೆ ತಿಳಿಯೋದೇ ಇಲ್ಲ. ಇಂಥ ಕೇಸು ನಾನು ನೋಡಿಲ್ಲ. ಸದ್ಯಕ್ಕೆ ಜೋರಾಗಿ ಮಾತಾಡೋ ಕೆಲಸ ಬೇಡ. ನೀರು ಕುಡಿಯುವಾಗಲೂ ಹುಷಾರು, ಸಾರಾಯಿಯಂಥದ್ದು ಮುಟ್ಟಲೇಬಾರದು. ಕೆಲವು ವಾರ ಬಿಟ್ಟು ಇನ್ನೊಮ್ಮೆ ಪರೀಕ್ಷೆ ಮಾಡೋಣ." ಆಮೇಲೆ ಸರ್ಪಾಂಗನ ಕಡೆ ತಿರುಗಿ, "ನೀವೇನೋ ಹೇಳೋಕೆ ಹೊರಟಿದ್ರಿ?"

ಸರ್ಪಾಂಗ್ ಅಡೊಮಾಕೊನ ಮುಖ ನೋಡಿದ. ಅಡೊಮಾಕೊ ಮುಖದ ತುಂಬ ಕನಿಕರ ಹರಡಿಕೊಂಡು, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ಕಾಯುತ್ತಿದ್ದ. ವಾಕ್ಯ ಅರ್ಧಕ್ಕೆ ನಿಂತರೆ ಮುಗಿಸಲು ತಯಾರಾಗಿದ್ದ.

ಸರ್ಪಾಂಗ್ ತಲೆಯಾಡಿಸಿದ. ಏನೂ ಇಲ್ಲ.

ವಾಪಸು ಬರುವ ಟ್ರೋಟ್ರೋದಲ್ಲಿ ಎನೊ ದುಫಿಯೆ ಸಾಕ್ಷಿ ನುಡಿಯಲು ಶುರುಮಾಡಿದಳು. "ಡಾಕ್ಟ್ರು ಗಂಟಲಿಗೆ ಗಾಳಿ ಊದಿದ್ರು. ಇವನು ಮರದ ಬೊಡ್ಡೆ ಥರ ಕೂತಿದ್ದ. ಕಣ್ಣು ಮಿಟುಕಿಸಲಿಲ್ಲ."

"ಯಾವ ಗಾಳಿ ಎನೊ? ಬಿಸಿದಾ?" ಎಂದ ಹಿಂದಿನ ಸೀಟಿನವನು.

"ಬಿಸಿದೇ ಇರಬೇಕು. ಹೊಗೆ ಬಂದ ಹಾಗಿತ್ತು."

ಮುಂದಿನ ನಿಲ್ದಾಣದಲ್ಲಿ ಹತ್ತಿದವರಿಗೆ ಅದು ಉಗಿಯಾಯಿತು. ಕೋಕೋ ಗೋದಾಮಿನ ಹತ್ತಿರ ಹತ್ತಿದ ಇಬ್ಬರು ಹೆಂಗಸರಿಗೆ ಹೇಳುವಾಗ ಬೆಂಕಿಯೇ ಆಗಿತ್ತು. "ಬೆಂಕಿ ಊದಿದ್ರಂತೆ!" ಎಂದು ಟ್ರೋಟ್ರೋದ ಹುಡುಗ ಬಾಗಿಲಿಗೆ ಜೋತುಬಿದ್ದುಕೊಂಡೇ ಸರ್ಪಾಂಗನ ಗಂಟಲನ್ನು ಭಕ್ತಿಯಿಂದ ನೋಡಿದ. ಈ ಸಲ ಕಿಟಕಿಯ ಜಾಗ ಸರ್ಪಾಂಗನಿಗೆ ಸಿಕ್ಕಿತು. ಅಡೊಮಾಕೊ ಮೂಟೆಯ ಮೇಲೆ ಕೂತು, ಉರಿಯುವ ಮೂಗನ್ನು ಬಟ್ಟೆಯ ತುದಿಯಿಂದ ಒತ್ತಿಕೊಳ್ಳುತ್ತಿದ್ದ.

ಅರಮನೆಯ ಅಂಗಳದಲ್ಲಿ ಹಿರಿಯರೆಲ್ಲ ಸೇರಿದ್ದರು. ನಾನಾ ಛತ್ರಿಯ ಕೆಳಗೆ ಕೂತಿದ್ದರು. ತನ್ನ ವಿಷಯ ತಾನೇ ಹೇಳಿಕೊಳ್ಳುವುದು ಮಾತುಗಾರನಿಗೆ ಸಲ್ಲದು. ಅಡೊಮಾಕೊ ಎದ್ದು ನಿಂತ. ಕೆಟ್ಟ ಸುದ್ದಿಯನ್ನು ಅರಸರಿಗೆ ಬರಿಮೈಯಲ್ಲಿ ಒಪ್ಪಿಸುವಂತಿಲ್ಲ. ಅವನು ಅದಕ್ಕೆ ರೇಷ್ಮೆಯನ್ನೇ ಉಡಿಸಿದ.

"ನಾನಾ, ನಮ್ಮ ಹಿರಿಯಣ್ಣನ ಗಂಟಲು ಈ ಲೋಕದ್ದಲ್ಲ ಎಂದು ಕುಮಾಸಿಯ ದೊಡ್ಡ ಡಾಕ್ಟರು ಬೆರಗಾಗಿದ್ದಾರೆ. ಗಾಳಿ ಅದನ್ನು ಹುಡುಕಿ ಸೋತಿದೆ. ಇಷ್ಟು ವರ್ಷ ನಮ್ಮ ಮಾತು ಹೊತ್ತ ಆ ಗಂಟಲಿಗೆ ಇನ್ನು ನಾವು ಹೊರೆ ಹೊರಿಸಬಾರದು ಎಂದಿದ್ದಾರೆ."

ಹಿರಿಯರು ತಲೆದೂಗಿದರು. ತನ್ನ ಸೋಲಿನ ವಾಕ್ಯ ಇಷ್ಟು ಚೆನ್ನಾಗಿ ಬಂತಲ್ಲ ಎಂದು ಸರ್ಪಾಂಗನೂ ತಲೆದೂಗಿಬಿಟ್ಟು, ನಾಚಿಕೊಂಡು ನಿಲ್ಲಿಸಿದ.

ನಾನಾ ಗೊಣಗಿದರು. ಕೋಲು ಕೈ ಬದಲಾಯಿಸಿತು. ಸರ್ಪಾಂಗ್ ಅದನ್ನು ಬಲಗೈಯಲ್ಲೇ ಕೊಟ್ಟ; ಅಡೊಮಾಕೊ ಬಲಗೈಯಲ್ಲೇ ತೆಗೆದುಕೊಂಡ. ಮೊಟ್ಟೆ ಹಿಡಿದ ಆ ಮರದ ಕೈ ಸರ್ಪಾಂಗನ ಮೂಗಿನ ಮುಂದಿನಿಂದ ಹಾದುಹೋಯಿತು. ಹೆಂಗಸರ ಸಾಲಿನಲ್ಲಿ ಅಫಿಯಾ ಕಣ್ಣೊರೆಸಿಕೊಂಡಳು. ಯಾರಿಗಾಗಿ ಎಂದು ಅವನಿಗೆ ತಿಳಿಯಲಿಲ್ಲ.

ಎಲ್ಲ ಮುಗಿಯಿತು ಅನ್ನುವಾಗ ಎನೊ ದುಫಿಯೆ ಎದ್ದಳು.

"ಅಲ್ಲಾ, ಅಂಥಾ ಗಂಟಲನ್ನ ಮನೇಲಿ ಇಡೋದಾ? ಬೆಂಕಿ ಊದಿದ್ರೂ ಜಗ್ಗದ ಗಂಟಲು ಕಣ್ರಯ್ಯಾ! ನಾನಾಗೆ ಬರೋ ಕಾಣಿಕೆಯ ಸಾರಾಯಿ ರುಚಿ ನೋಡೋಕೆ ಜನ ಇಲ್ಲ ಅಂತ ಅಳ್ತಿದ್ದೀರಲ್ಲ."

ಅಂಗಳದಲ್ಲಿ ಗುಜುಗುಜು ಎದ್ದಿತು. ಅರಸರಿಗೆ ಯಾರು ಏನು ಕುಡಿಯಲು ತಂದರೂ ಮೊದಲ ಲೋಟ ಒಬ್ಬ ನಂಬಿಗಸ್ತ ಕುಡಿದು, ಮುಖ ಕಿವುಚದೆ, ಕೆಮ್ಮದೆ ನಿಂತು ತೋರಿಸಬೇಕು, ಆಮೇಲೆಯೇ ಉಳಿದವರಿಗೆ. ಆ ಕೆಲಸದಲ್ಲಿದ್ದ ಮುದುಕ ಹೊಟ್ಟೆಹುಣ್ಣಾಗಿ ಬಿಟ್ಟಿದ್ದ. ಆ ಕೆಲಸದವನಿಗೆ ನಾನಾ ಅವರ ಬಲಪಕ್ಕದಲ್ಲೇ ಪೀಠ. ಕೋಲು ಹಿಡಿದವನು ಮಾತ್ರ ಸಭೆ ಮುಗಿಯುವ ತನಕ ಒಂದು ಹನಿಯನ್ನೂ ಮುಟ್ಟುವಂತಿಲ್ಲ. ಸಭೆ ಮುಗಿಯುವ ಹೊತ್ತಿಗೆ ಬಾಟಲಿಯೂ ಮುಗಿದಿರುತ್ತಿತ್ತು.

ನಾನಾ ನಕ್ಕು ಏನೋ ಗೊಣಗಿದರು. ಅದನ್ನು ಸಭೆಗೆ ಹೇಳಬೇಕಾದವನು ಅಡೊಮಾಕೊ. ಅವನು ಬಾಯಿ ತೆರೆದ.  ಮೊದಲ ಸಲ ಅವನ ವಾಕ್ಯ ಅರ್ಧಕ್ಕೆ ನಿಂತಿತು.

ಅವನ ಕಣ್ಣು ನಾನಾ ಅವರ ಪಕ್ಕದ ಪೀಠದ ಮೇಲಿತ್ತು, ಅಲ್ಲಿಂದ ಅದರ ಮುಂದಿದ್ದ ಕಾಣಿಕೆಯ ಬಾಟಲಿಗೆ ಹೋಯಿತು, ಬಾಟಲಿಯಿಂದ ಸರ್ಪಾಂಗನಿಗೆ ಬಂತು.  ಸರ್ಪಾಂಗನಿಗೆ ಆ ನೋಟ ಯಾವುದೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ತಿಂಗಳುಗಟ್ಟಲೆ ತಾನು ಮುಖದ ಮೇಲೆ ಹೊತ್ತು ತಿರುಗಿದ್ದ ಸಾಮಾನು ಅದು.

"ನಾನಾ," ಎಂದ ಅಡೊಮಾಕೊ ಕೊನೆಗೆ, "ಸಾರಾಯಿ ಮುಟ್ಟಲೇಬಾರದು ಅಂತ ಡಾಕ್ಟರು ಹೇಳಿದ್ದಾರೆ. ನಿಜವಾಗಿಯೂ ಹೇಳಿದ್ದಾರೆ." ಈ ಸಲ ರೇಷ್ಮೆಯಿಲ್ಲ, ಒಡವೆಯಿಲ್ಲ, ದನಿ ಒಂದು ಕಡೆ ಬಿರುಕು ಬಿಟ್ಟಿತ್ತು ಕೂಡ.

"ಬೆಂಕಿಗೇ ಜಗ್ಗದವನಿಗೆ ಸಾರಾಯಿ ಏನು ಮಾಡುತ್ತೆ? ಹೊಟ್ಟೆಕಿಚ್ಚು ನಿನಗೆ!" ಎಂದಳು ಎನೊ.

ನಾನಾ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ಆಮೇಲೆ, ಎಂದೂ ಮಾಡದ ಒಂದು ಕೆಲಸ ಮಾಡಿದರು. ಸರ್ಪಾಂಗನ ಜೊತೆ ನೇರವಾಗಿ, ತಮ್ಮದೇ ದನಿಯಲ್ಲಿ ಮಾತಾಡಿದರು.

"ಹೇಳು ಸರ್ಪಾಂಗ್. ನಿನ್ನ ಗಂಟಲಿಗೆ ನಿಜವಾಗ್ಲೂ ಏನೂ ಗೊತ್ತಾಗಲ್ವಾ?"

 ಒಂದೇ ಮಾತು ಸಾಕಿತ್ತು. ಗೊತ್ತಾಗುತ್ತದೆ ಎಂದರೆ ಡಾಕ್ಟರ ತೀರ್ಪು ಬಿದ್ದುಹೋಗುತ್ತದೆ, ಪರೀಕ್ಷೆ ಇನ್ನೊಮ್ಮೆ ಆಗುತ್ತದೆ, ಕೋಲು ಹೋದ ದಾರಿಯಲ್ಲೇ ವಾಪಸು ಬರುತ್ತದೆ. ಸರ್ಪಾಂಗ್ ಕೋಲಿನ ತುದಿಯನ್ನು ನೋಡಿದ. ಅದರ ಕೆಳಗೆ ಅಡೊಮಾಕೊನ ಮುಖವಿತ್ತು. ಅದು ಬಿಸಿಲಿಗಿಟ್ಟ ಮೀನಿನ ಹಾಗೆ ಒಣಗಿತ್ತು. ಕಣ್ಣುಗಳು ಮಾತ್ರ ಆ ಪೀಠವನ್ನು ಬಿಟ್ಟು ಬರಲೊಲ್ಲವು. ಎಂಥ ನೋಟ! ಕೋಲು ವಾಪಸು ಬಂದರೆ ಈ ನೋಟ ಹೋಗುತ್ತದೆ. ಮತ್ತೆ ಅದೇ ಜೇನಿನ ದನಿ, ಅದೇ ಕನಿಕರ, ಗೋಡೆಯಾಚೆ ಅದೇ ಕೋಳಿಗಳು.

ಸರ್ಪಾಂಗ್ ಹೋಗಿ ನಾನಾ ಅವರ ಬಲಪಕ್ಕದ ಪೀಠದ ಮೇಲೆ ಕೂತ. ಬಲಗೈ ಚಾಚಿದ.

ಗಡಿಹಳ್ಳಿಯವರು ತಂದಿದ್ದ ತಾಳೆಯ ಸಾರಾಯಿ ಅದು. ಲೋಟಕ್ಕೆ ಬಗ್ಗಿಸುವಾಗಲೇ ಹತ್ತಿರ ನಿಂತವರ ಕಣ್ಣಲ್ಲಿ ನೀರಾಡಿತು. ಸರ್ಪಾಂಗ್ ಒಂದೇ ಗುಟುಕಿಗೆ ಕುಡಿದ.

ಗಂಟಲಿನಲ್ಲಿ ಮೆಣಸಿನ ಮೂಟೆಗೆ ಯಾರೋ ಕಡ್ಡಿ ಗೀರಿದರು. ಉರಿ ಮೇಲೆ ಕಿವಿಗೆ ಹತ್ತಿತು, ಕೆಳಗೆ ಎದೆಗೆ ಇಳಿಯಿತು. ಕೆಮ್ಮು ಟ್ರೋಟ್ರೋದ ಕೊನೆಯ ಪ್ರಯಾಣಿಕನ ಹಾಗೆ ಬಾಗಿಲು ಬಡಿಯಿತು. ಅವನು ತೆರೆಯಲಿಲ್ಲ. ಬಟ್ಟೆಯೊಳಗೆ ಕಾಲ್ಬೆರಳುಗಳು ಒಂದನ್ನೊಂದು ತಬ್ಬಿಕೊಂಡವು. ಎಡಗೈಯ ಮೇಲೆ ಅವನು ಮೊದಲೇ ಕೂತಿದ್ದ. ಮುಖ ಕಲ್ಲಿನಂತಿತ್ತು.

"ನೋಡಿದ್ರಾ!" ಎಂದಳು ಎನೊ ದುಫಿಯೆ. ಡೋಲು ಬಾರಿಸಿದರು. ಹೆಂಗಸರ ಸಾಲಿನಿಂದ "ಆಹಾ" ಎಂಬ ಉಸಿರು ಬಂತು. ಅಡೊಮಾಕೊ ಬರಿಗಂಟಲಲ್ಲಿ ಉಗುಳು ನುಂಗಿದ.

ನಾನಾ ಮೆಚ್ಚಿಕೊಂಡು ಗೊಣಗಿದರು. ಅಡೊಮಾಕೊ ಅದನ್ನು ಸಭೆಗೆ ಹೇಳಲೇಬೇಕಾಯಿತು: ಇಂಥ ಗಂಟಲು ಊರಿಗೆ ಸಿಕ್ಕಿರುವಾಗ ಹಳೆಯ ಕಾಣಿಕೆಗಳನ್ನು ಉಳಿಸಿಕೊಳ್ಳುವುದೇಕೆ, ಮುದುಕ ಬಿಟ್ಟಾಗಿನಿಂದ ಒಳಗೆ ಬಿದ್ದಿರುವ ಬಾಟಲಿಗಳನ್ನೆಲ್ಲ ತರಲಿ. ತಂದರು. ಬಾಗಿಲಿನಿಂದ ಛತ್ರಿಯವರೆಗೆ ಸಾಲಾಗಿ ಇಟ್ಟರು. ಸರ್ಪಾಂಗ್ ಸಾಲಿನ ಕೊನೆ ಎಲ್ಲಿದೆ ಎಂದು ನೋಡಲು ಹೋಗಲಿಲ್ಲ. ಅಡೊಮಾಕೊನ ಮುಖವನ್ನೇ ನೋಡುತ್ತ ಮುಂದಿನ ಲೋಟಕ್ಕೆ ಬಲಗೈ ಚಾಚಿದ.

ಆಸ್ಪತ್ರೆಯಲ್ಲಿ ಊದಿದ ಗಾಳಿ ಮೊದಲಿನಿಂದ ಕೊನೆಯವರೆಗೆ ಪ್ರತಿಯೊಂದು ಸಲವೂ ತನಗೆ ಗೊತ್ತಾಗಿತ್ತು ಎಂಬುದನ್ನು ಅವನು ಅಂದು ಹೇಳಲಿಲ್ಲ, ಆಮೇಲೂ ಯಾರಿಗೂ ಹೇಳಲಿಲ್ಲ.